ಚೌಡಯ್ಯನವರ ಏಳು ತಂತಿಗಳು

ಪಿಟೀಲು ಈ ನಾಡಿನಲ್ಲಿ ಹುಟ್ಟಿದ ವಾದ್ಯವಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಬಿಳಿಯರ ಬ್ಯಾಂಡು ನುಡಿಯುತ್ತಿತ್ತು. ಅಂಥ ಬ್ಯಾಂಡಿನ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟುಸ್ವರಗಳನ್ನು ರಚಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕನೊಬ್ಬನಿಂದ ಪಿಟೀಲನ್ನು ಕಲಿತು, ಅದನ್ನು ನಮ್ಮ ರಾಗಗಳಿಗೆ ಪಳಗಿಸಿದರು. ಹೀಗೆ ದಂಡಿನ ನೆರೆಯಿಂದ ಬಂದ ವಾದ್ಯ ಕ್ರಮೇಣ ಗಾಯಕನ ಪಕ್ಕದಲ್ಲಿ ಸ್ಥಿರವಾಗಿ ಕುಳಿತಿತು. ಆದರೆ ಬಯಲನ್ನೆಲ್ಲ ತುಂಬಬಲ್ಲ ಬ್ಯಾಂಡಿನ ಕಹಳೆಯ ಬಲ ಅದಕ್ಕಿರಲಿಲ್ಲ. ಆ ಕೊರತೆಯನ್ನು ನೀಗಲು ಹೊರಟವರು ಮೈಸೂರು ಟಿ. ಚೌಡಯ್ಯನವರು.

ಚೌಡಯ್ಯನವರು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಒಕ್ಕಲುತನದ ಮನೆತನದಲ್ಲಿ ಜನಿಸಿದರು. 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಗಾಯಕರು, ಶಿಸ್ತಿನಲ್ಲಿ ಕಠಿಣರು. ಶಿಷ್ಯನ ಕಮಾನಿಗೆ ಹಾಡುವ ಗುಣ ಬಂದುದು ಅಲ್ಲಿಂದಲೇ ಇರಬೇಕೆಂದು ನಾನು ಭಾವಿಸುತ್ತೇನೆ. ಮುಂದೆ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದವರಿಗೆ ಅವರು ಪಕ್ಕವಾದ್ಯ ನುಡಿಸಿ ಹೆಸರಾದರು.

ಆಗಿನ ಕಚೇರಿಗಳ ಪರಿಸ್ಥಿತಿಯನ್ನು ವಾಚಕರು ನೆನೆಯಬೇಕು. ತೆರೆದ ಚಪ್ಪರ, ನೂರಾರು ಜನ, ಧ್ವನಿವರ್ಧಕವೆಂಬುದಿಲ್ಲ. ಚೆಂಬೈಯವರಂಥ ಕಂಚಿನ ಕಂಠದ ಮಗ್ಗುಲಲ್ಲಿ ಮೃದಂಗದ ಘಾತವೂ ಸೇರಿದರೆ, ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿಗೆ ಕೇಳುವುದೇ ಕಷ್ಟ. 1927ರ ಸುಮಾರಿಗೆ ಚೌಡಯ್ಯನವರು ಇದಕ್ಕೊಂದು ಉಪಾಯ ಕಂಡರು. ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿಯನ್ನು ಕಟ್ಟಿ, ಜೋಡಿಯನ್ನು ಒಂದು ಸ್ಥಾಯಿಯ ಅಂತರಕ್ಕೆ ಶ್ರುತಿಮಾಡಿದರು. ಒಂದೇ ಬೆರಳು ಎರಡನ್ನೂ ಒತ್ತುತ್ತದೆ, ಒಂದೇ ಕಮಾನು ಎರಡನ್ನೂ ಎಳೆಯುತ್ತದೆ. ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಮೊಳಗುತ್ತದೆ. ವಿದ್ಯುತ್ತಿನ ನೆರವಿಲ್ಲದೆ ನಾದವನ್ನು ಹಿಗ್ಗಿಸಿದ ಈ ಕೆಲಸವನ್ನು ಯಂತ್ರಶಿಲ್ಪವೆನ್ನಲು ನಾನು ಹಿಂಜರಿಯುವುದಿಲ್ಲ.

ಅದು ಸುಲಭದ ಲಾಭವಾಗಿರಲಿಲ್ಲ. ಬೆರಳಿಗೆ ಶ್ರಮ ಹೆಚ್ಚು. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಸಡಿಲಾದರೂ ಅಪಶ್ರುತಿ ಎದ್ದು ಕೇಳುತ್ತದೆ. ನಾದ ಭಾರವಾಯಿತೆಂದು ಆಕ್ಷೇಪಿಸಿದ ರಸಿಕರೂ ಉಂಟು. ಅಷ್ಟರಲ್ಲಿ ಮೈಕು ಬಂದಿತು, ಮಾತನಾಡುವ ಚಿತ್ರವೂ ಬಂದಿತು. 1943ರ ‘ವಾಣಿ’ ಕನ್ನಡ ಚಿತ್ರದಲ್ಲಿ ಚೆಂಬೈ, ಚೌಡಯ್ಯ ಮತ್ತು ಪಾಲ್ಘಾಟ್ ಮಣಿ ಅಯ್ಯರ್ ಅವರ ಕಚೇರಿಯೇ ತೆರೆಯ ಮೇಲೆ ಬಂದಿತು. ಇನ್ನು ಏಳು ತಂತಿಗಳ ಅಗತ್ಯವೇನು ಎಂದು ಯಾರಾದರೂ ಕೇಳಬಹುದಿತ್ತು. ಚೌಡಯ್ಯನವರು ಮಾತ್ರ ಅವನ್ನು ಬಿಚ್ಚಲಿಲ್ಲ. ಅವಶ್ಯಕತೆಯಿಂದ ಹುಟ್ಟಿದ್ದು ಅಷ್ಟು ಹೊತ್ತಿಗೆ ಅವರ ದನಿಯೇ ಆಗಿಹೋಗಿತ್ತು. ಮೈಕು ದನಿಯನ್ನು ದೊಡ್ಡದು ಮಾಡಬಲ್ಲುದು. ಜೋಡಿ ತಂತಿಯ ಗಾಂಭೀರ್ಯವನ್ನು ಅದು ಸೃಷ್ಟಿಸಲಾರದು.

ಪಕ್ಕದಲ್ಲಿ ಕುಳಿತವರಿಗೆ ಪ್ರಶಸ್ತಿಗಳು ತಡವಾಗಿ ಬರುವುದು ಲೋಕರೂಢಿ. ಚೌಡಯ್ಯನವರು 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ತಮ್ಮ ಕೃತಿಗಳಿಗೆ ಅವರು ಹುಟ್ಟೂರನ್ನು ನೆನೆದು ‘ತ್ರಿಮಕುಟ’ ಎಂಬ ಅಂಕಿತವನ್ನಿಟ್ಟರು. 1967ರ ಜನವರಿ 19ರಂದು ಕಾಲವಾದರು.

ನಾನಿರುವ ರಾಜಾಜಿನಗರದಿಂದ ಮಲ್ಲೇಶ್ವರವನ್ನು ದಾಟಿದರೆ, 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಸಿಗುತ್ತದೆ. ಕಟ್ಟಡದ ಆಕಾರವೇ ಪಿಟೀಲು. ಏಳು ತಂತಿಯ ವಾದ್ಯ ಅವರ ತರುವಾಯ ವ್ಯಾಪಕ ರೂಢಿಗೆ ಬರಲಿಲ್ಲ. ಒಳಗೆ ಮೈಕಿನ ಮುಂದೆ ನುಡಿಯುವುದು ಬಹುಮಟ್ಟಿಗೆ ನಾಲ್ಕು ತಂತಿಯದೇ. ಇದನ್ನು ಸೋಲೆಂದು ನಾನೆಣಿಸುವುದಿಲ್ಲ. ಪಕ್ಕವಾದ್ಯವೂ ಕಟ್ಟಕಡೆಯ ಸಾಲಿನವನಿಗೆ ಸ್ಪಷ್ಟವಾಗಿ ಕೇಳಬೇಕೆಂಬುದು ಅವರ ಹಟವಾಗಿತ್ತು. ಈಗ ಆ ಸಾಲಿನಲ್ಲಿ ಕುಳಿತು ಕೇಳುವ ನನ್ನಂಥವರಿಗೆ ಅದು ಸಹಜವಾದ ಹಕ್ಕಾಗಿ ಒದಗಿದೆ.