ಕುಮಾರಿ ಹೆಲೆನ್ ಕೆಲರ್ ಅವರ ವಿದ್ಯಾಸಾಧನೆ

ಅಮೇರಿಕೆಯ ಅಲಬಾಮಾ ಪ್ರಾಂತದಲ್ಲಿ 1880ರಲ್ಲಿ ಜನಿಸಿದ ಹೆಲೆನ್ ಕೆಲರ್ ಅವರು ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗಲೇ ರೋಗದ ದೆಸೆಯಿಂದ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡರು. 1887ರಲ್ಲಿ ಬಂದ ಉಪಾಧ್ಯಾಯಿನಿ ಆನ್ ಸಲಿವನ್ ಅವರು ಅಂಗೈಯಲ್ಲಿ ಬೆರಳುಗಳಿಂದ ಅಕ್ಷರಗಳನ್ನು ಮೂಡಿಸಿ ಭಾಷೆಯನ್ನು ಕಲಿಸಿದರು.

ರ‍್ಯಾಡ್‌ಕ್ಲಿಫ್ ಕಾಲೇಜನ್ನು ಸೇರುವ ಹಂಬಲದಿಂದ ಹೆಲೆನರು 1896ರಲ್ಲಿ ಕೇಂಬ್ರಿಜಿನ ಬಾಲಿಕಾ ಪಾಠಶಾಲೆಯನ್ನು ಸೇರಿದರು. ಉಬ್ಬಕ್ಷರದ ಪುಸ್ತಕಗಳು ವಿರಳವಾಗಿದ್ದುವು. ರೇಖಾಗಣಿತದ ಆಕೃತಿಗಳನ್ನು ದಿಂಬಿನ ಮೇಲೆ ತಂತಿಗಳಿಂದ ರಚಿಸಿ, ತಡವಿ ತಿಳಿದರು. 1899ರ ಪ್ರವೇಶ ಪರೀಕ್ಷೆಗೆ ಎರಡೇ ದಿನಗಳು ಉಳಿದಿರಲು, ಬೀಜಗಣಿತದ ಪ್ರಶ್ನೆಗಳು ತಮಗೆ ಪರಿಚಯವಿಲ್ಲದ ಉಬ್ಬುಸಂಜ್ಞೆಗಳಲ್ಲಿ ಬರುವುವೆಂದು ತಿಳಿಯಿತು. ಪರೀಕ್ಷೆಯಲ್ಲಿ ಸಲಿವನ್ನರೂ ಬಳಿಯಲ್ಲಿರಲಿಲ್ಲ. ಆದರೂ ಧೃತಿಗೆಡದೆ ಉತ್ತೀರ್ಣರಾಗಿ, 1900ರಲ್ಲಿ ಕಾಲೇಜನ್ನು ಸೇರಿ, 1904ರಲ್ಲಿ ಗೌರವದೊಡನೆ ಪದವಿಯನ್ನು ಪಡೆದರು. 1968ರಲ್ಲಿ ನಿಧನ ಹೊಂದಿದರು.

ಭೋಜದ ತಾಯಿತಂದೆಗಳೇ, ಕಣ್ಣಿಲ್ಲದ, ಕಿವಿ ಕೇಳದ ಮಗಳನ್ನು ಮನೆಯ ಮೂಲೆಗೆ ಒಪ್ಪಿಸಬೇಡಿರಿ. ಅವಳಿಗೆ ಬೇಕಾದ ಪುಸ್ತಕಗಳನ್ನೂ ಸಹಾಯವನ್ನೂ ಪರೀಕ್ಷೆಗೆ ಬಹು ಮೊದಲೇ ಒದಗಿಸಿರಿ.