ಮೀಸೆಯ ತಾಯಿ ಗಿಜುಭಾಯಿ



ನವೆಂಬರ್ 14ರ ಮಕ್ಕಳ ದಿನಾಚರಣೆಯನ್ನು ನಮ್ಮ ಎಲ್ಲ ಊರುಗಳಲ್ಲೂ ಮಾಡುತ್ತೇವೆ. ಮರುದಿನ 15ನೇ ತಾರೀಖು ಹುಟ್ಟಿದ ಒಬ್ಬರನ್ನು ಮಾತ್ರ ನೆನೆಯುವುದೇ ಇಲ್ಲ. ಅವರು ಗುಜರಾತಿನ ಗಿಜುಭಾಯಿ ಬಧೇಕಾ.

1885ರಲ್ಲಿ ಸೌರಾಷ್ಟ್ರದ ಚಿತ್ತಲ್ ಎಂಬ ಊರಿನಲ್ಲಿ ಜನಿಸಿದರು. ಹೊಟ್ಟೆಪಾಡಿಗೆಂದು 1907ರಲ್ಲಿ ಪೂರ್ವ ಆಫ್ರಿಕಾಕ್ಕೆ ಹೋಗಿ ಎರಡು ವರ್ಷಕ್ಕೆ ಮರಳಿದರು. ಮುಂಬಯಿಯಲ್ಲಿ ಕಾನೂನು ಓದಿ ವಕೀಲರಾದರು. 1913ರಲ್ಲಿ ಮಗ ಹುಟ್ಟಿದ. ಈ ಮಗುವನ್ನು ಹೇಗೆ ಬೆಳೆಸುವುದು ಎಂಬ ಯೋಚನೆಯೇ ಅವರನ್ನು ಮಾಂಟೆಸ್ಸರಿಯವರ ಬರಹಗಳ ಕಡೆಗೆ ಎಳೆಯಿತು. 1916ರಲ್ಲಿ ಕೋರ್ಟಿನ ಕೆಲಸ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. ಮೊದಲು ನೋಡಿಕೊಂಡದ್ದು ಪ್ರೌಢಶಾಲೆಯನ್ನು. ಅಷ್ಟು ದೊಡ್ಡವರಾದ ಮೇಲೆ ತಿದ್ದುವುದು ಕಷ್ಟ, ಎಳೆಯರಿಂದಲೇ ಶುರುವಾಗಬೇಕು ಎನಿಸಿ 1920ರಲ್ಲಿ ಬಾಲಮಂದಿರ ತೆರೆದರು. ಅಲ್ಲಿ ಹೊಡೆತ ಬಡಿತ ಇರಲಿಲ್ಲ. ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು.

ಮಾಂಟೆಸ್ಸರಿಯವರು ಕಟ್ಟುಕಥೆಗಳನ್ನು ಅಷ್ಟಾಗಿ ಒಪ್ಪಿದವರಲ್ಲ. ಗಿಜುಭಾಯಿ ಅವರ ಪದ್ಧತಿಯನ್ನು ಮೆಚ್ಚಿಯೂ ಈ ಮಾತನ್ನು ಪಾಲಿಸಲಿಲ್ಲ. ಅಜ್ಜಿಕಥೆಗೆ ನಮ್ಮ ಮಕ್ಕಳು ಹೇಗೆ ಕಿವಿಗೊಡುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಪುಸ್ತಕಕ್ಕಿಂತ ಎದುರಿಗೆ ಕೂತ ಮಗುವನ್ನು ನಂಬಿದರು.

ಅವರ 'ದಿವಾಸ್ವಪ್ನ' ಪುಸ್ತಕವನ್ನು ಪ್ರತಿಯೊಬ್ಬ ಮೇಷ್ಟ್ರೂ ಓದಬೇಕೆಂದು ನನ್ನ ಆಸೆ. ಅದರಲ್ಲಿ ಲಕ್ಷ್ಮೀರಾಮ್ ಎಂಬ ಕಲ್ಪನೆಯ ಮೇಷ್ಟ್ರು ಅಧಿಕಾರಿಯನ್ನು ಕಾಡಿ ಬೇಡಿ ಒಂದು ವರ್ಷಕ್ಕೆ ನಾಲ್ಕನೇ ತರಗತಿ ಪಡೆಯುತ್ತಾನೆ. ಮನೆಯಲ್ಲಿ ಕೂತು ಎಲ್ಲ ತಯಾರಿ ಮಾಡಿಕೊಂಡು ಹೋಗಿ ಮೊದಲ ದಿನ ಮೌನದ ಆಟ ಆಡಿಸಲು ನೋಡುತ್ತಾನೆ. ಹುಡುಗರು ಕೂಗಾಡಿ ಗಲಾಟೆ ಎಬ್ಬಿಸುತ್ತಾರೆ. ಕೊನೆಗೆ ರಜೆ ಕೊಟ್ಟು ಕಳಿಸಿ ಹೆಡ್‌ಮಾಸ್ಟರರಿಂದ ಮಾತು ಕೇಳಿಸಿಕೊಳ್ಳುತ್ತಾನೆ. ಮಕ್ಕಳ ಪರಿಚಯವೇ ಇಲ್ಲದೆ ಪಾಠ ಹೂಡಿದ್ದು ತನ್ನದೇ ತಪ್ಪು ಎಂದು ಅವನಿಗೆ ಹೊಳೆಯುತ್ತದೆ. ಮರುದಿನ ಕಥೆ ಶುರು ಮಾಡಿದರೆ ಅದೇ ಹುಡುಗರು ಅಲುಗಾಡದೆ ಕೂರುತ್ತಾರೆ! ಪಠ್ಯಪುಸ್ತಕದ ದುಡ್ಡಿನಲ್ಲಿ ಕಥೆಪುಸ್ತಕ ಬರುತ್ತವೆ. ಸುಳ್ಳು ಮೇಷ್ಟ್ರ ಹೆಸರಿನಲ್ಲಿ ಬರೆದರೂ ಆ ಮೊದಲ ದಿನದ ಪೆಟ್ಟು ತಿಂದವರು ಬರೆದಂತೆಯೇ ಇದೆ.

ನಾನು ಗುಮಾಸ್ತನಾಗಿದ್ದಾಗ ಶಾಲೆಗಳ ಹಾಜರಿ ಲೆಕ್ಕ ಕೂಡಿಸುತ್ತಿದ್ದೆ. ಗೈರುಹಾಜರಿಗೆ ಒಂದು ಕಲಂ ಇತ್ತು, ಏಕೆ ಬರಲಿಲ್ಲ ಎಂಬುದಕ್ಕೆ ಕಲಂ ಇರಲಿಲ್ಲ. ನನಗೂ ಕೇಳಬೇಕೆನಿಸಲಿಲ್ಲ.

ಏಕೆ ಬರಲಿಲ್ಲ ಎಂದು ಕೇಳಿದವರು ಭಾವನಗರದಲ್ಲಿ ಗಿಜುಭಾಯಿಯವರ ಜೊತೆ ದುಡಿದ ತಾರಾಬಾಯಿ ಮೋಡಕ್. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೆಲಸ ಆರಂಭಿಸಿ, ಮಕ್ಕಳು ಶಾಲೆಗೆ ಬಾರದಿದ್ದಾಗ ಅವರ ಕೇರಿಯ ಅಂಗಳಕ್ಕೇ ಶಾಲೆ ಒಯ್ದರು. ಮುಂದೆ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಡನೆ, ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಸಿದರು. ಇದನ್ನು ನೋಡಲು ಗಿಜುಭಾಯಿ ಇರಲಿಲ್ಲ. ನೂರಕ್ಕೂ ಹೆಚ್ಚು ಪುಸ್ತಕ ಬರೆದ ಅವರು 1939ರ ಜೂನ್ 23ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ವಯಸ್ಸು 53.

ನಮ್ಮ ಗಡಿಯ ಶಾಲೆಗಳಲ್ಲಿ ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ತರಗತಿಯಲ್ಲಿ ಮತ್ತೊಂದು. ಮಗುವಿನ ಮಾತೇ ತಿಳಿಯದ ಶಿಕ್ಷಕರು ಬಂದು ಕೂತರೆ ಯಾರು ಯಾರಿಂದ ಕಲಿಯಬೇಕು? ಮನವಿ ಕೊಡುವುದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಈ ಸಲದ ಮಕ್ಕಳ ದಿನಾಚರಣೆಯಲ್ಲಿ ಭಾಷಣ ಕಡಿಮೆ ಮಾಡಿ, ನಮ್ಮ ಶಿಕ್ಷಕ ಸದಸ್ಯರು ತಮಗೆ ಪಾಠ ಕಲಿಸಿದ ಒಬ್ಬ ವಿದ್ಯಾರ್ಥಿಯ ಬಗ್ಗೆ ಐದೈದು ನಿಮಿಷ ಮಾತಾಡಬೇಕೆಂದು ಕೋರುತ್ತೇನೆ. ಮಾತಾಡುವವರು ಮುಂಚಿತವಾಗಿ ಹೆಸರು ಕೊಡಿ.

— ಕಾರ್ಯದರ್ಶಿ