ಪ್ಲೇಗಿನ ಕಾಲದ ಹಾಫ್‌ಕಿನ್

ಪರೇಲಿನ ಹಾಫ್‌ಕಿನ್ ಸಂಸ್ಥೆಯ ಮುಂದೆ ಓಡಾಡುವ ನಮ್ಮವರಲ್ಲಿ ಆ ಹೆಸರಿನವರಾರೆಂದು ಬಲ್ಲವರು ವಿರಳ. ವಾಲ್ಡೆಮಾರ್ ಹಾಫ್‌ಕಿನ್ನರು 1860ರಲ್ಲಿ ಒಡೆಸ್ಸಾದ ಯೆಹೂದ್ಯ ಮನೆತನದಲ್ಲಿ ಜನಿಸಿದರು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1893ರಲ್ಲಿ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಸರಕಾರದವರು ಮನೆ ಶೋಧಿಸಿ ರೋಗಿಗಳನ್ನು ಬಲವಂತದಿಂದ ಒಯ್ಯತೊಡಗಲು, ಜನ ರೋಗಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೇ ಹೆದರಿದರು. ಹಾಫ್‌ಕಿನ್ನರು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕುಳಿತು ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು! ಬಳಿಕ ಬೈಕಳಾ ಸೆರೆಮನೆಯಲ್ಲಿ ಒಪ್ಪಿದ ಕೈದಿಗಳಿಗೆ ಹಾಕಿಸಿ, ಹಾಕಿಸಿಕೊಳ್ಳದವರೊಡನೆ ಹೋಲಿಸಿ ಪರೀಕ್ಷಿಸಿದರು. ಮರುವರುಷ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಮಂದಿ ಈ ಚುಚ್ಚುಮದ್ದಿಗೆ ತೋಳೊಡ್ಡಿದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಸೀಸೆಯ ಮದ್ದು ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಅಪವಾದ ಹಾಫ್‌ಕಿನ್ನರ ತಲೆಗೆ ಬಂತು, ಪದವಿ ಹೋಯಿತು. ದೋಷ ಸೀಸೆ ತೆರೆದ ಊರಿನಲ್ಲಿಯೇ ನಡೆದದ್ದೆಂದು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪಟ್ಟು ಹಿಡಿದು ವಾದಿಸಿದ ಮೇಲೆ, 1907ರಲ್ಲಿ ಕಳಂಕ ಕಳೆಯಿತು. ಆದರೆ ಅವರು ಕಟ್ಟಿದ ಮುಂಬಯಿ ಪ್ರಯೋಗಾಲಯ ಅವರಿಗೆ ಮತ್ತೆ ದಕ್ಕಲಿಲ್ಲ, ಕಲಕತ್ತೆಗೆ ಹೋಗಬೇಕಾಯಿತು. ಅದಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ. ಐದು ವರುಷಗಳ ತರುವಾಯ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಅವರು ತೀರಿಕೊಂಡರು.